ಕಣ್ಣು ತೆರೆದ ನ್ಯಾಯಾಧೀಶನನ್ನು ತಾಮ್ರದ ಮೇಲೆ ಕೊರೆದದ್ದು

ಜರ್ಮನ್ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್‌ನ ‘ಸೋಲ್ ಯುಸ್ಟೀಟಿಯೇ’, ಅಂದರೆ ‘ನ್ಯಾಯದ ಸೂರ್ಯ’, ಮೊದಲ ಸಲ ಕಂಡಾಗ ಅದು ನ್ಯಾಯದ ಚಿತ್ರವೆಂದೇ ನನಗೆ ಹೊಳೆಯಲಿಲ್ಲ. ನಾವು ಕಂಡದ್ದು ಸಿನಿಮಾ ಕೋರ್ಟಿನ ದೇವಿಯನ್ನು. ಕಣ್ಣಿಗೆ ಕಪ್ಪು ಪಟ್ಟಿ, ಕೈಯಲ್ಲಿ ತಕ್ಕಡಿ. ಇವನೋ ಗಂಡಸು. ಸಿಂಹದ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದಾನೆ. ಬಲಗೈಯಲ್ಲಿ ಎತ್ತಿದ ಕತ್ತಿ, ಎಡಗೈಯಲ್ಲಿ ತಕ್ಕಡಿ, ಮುಖದ ಸುತ್ತ ಸೂರ್ಯನ ಜ್ವಾಲೆ. ಕಣ್ಣು ತೆರೆದೇ ಇವೆ. 1499ರ ಸುಮಾರಿನ ಎನ್‌ಗ್ರೇವಿಂಗ್, ಅಂದರೆ ತಾಮ್ರದ ತಗಡಿನಲ್ಲಿ ಕೊರೆದು ಕಾಗದಕ್ಕೆ ಒತ್ತಿದ ಅಚ್ಚು. ಎತ್ತರ 11 ಸೆಂ.ಮೀ. ಕೂಡ ಇಲ್ಲ. ಇದನ್ನು ಅದೇ ಅಳತೆಯಲ್ಲಿ ಕೊರೆದು ನೋಡಬೇಕು ಅನ್ನಿಸಿತು.

ಎಚಿಂಗ್ ನನಗೆ ಹಳೆಯ ಅಭ್ಯಾಸ. ಅಲ್ಲಿ ತಾಮ್ರವನ್ನು ಆಸಿಡ್ ತಿನ್ನುತ್ತದೆ. ಎನ್‌ಗ್ರೇವಿಂಗಿನಲ್ಲಿ ಕೈಯೇ ತಳ್ಳಬೇಕು. ಬ್ಯೂರಿನ್ ಎಂಬ ಕೊರೆಯುವ ಉಳಿಯ ಹಿಡಿ ಅಂಗೈ ಗುಳಿಯಲ್ಲಿ ಕೂರುತ್ತದೆ, ತಗಡು ಮರಳು ತುಂಬಿದ ಚರ್ಮದ ದಿಂಬಿನ ಮೇಲೆ. ಗೆರೆ ಬಾಗಬೇಕಾದರೆ ಕೈ ತಿರುಗುವುದಲ್ಲ, ತಗಡು ತಿರುಗಬೇಕು. ಇದು ಕೈಗೆ ಹತ್ತಲು ನನಗೆ ತಿಂಗಳುಗಳೇ ಹಿಡಿದವು. ಡ್ಯೂರರ್ ನ್ಯೂರೆಂಬರ್ಗ್‌ನಲ್ಲಿ ಅಪ್ಪನ ಅಕ್ಕಸಾಲೆಯಲ್ಲಿ ಪಳಗಿದವನು. ಲೋಹ ಅವನಿಗೆ ಚಿಕ್ಕಂದಿನ ಒಡನಾಡಿ.

ಮೊದಲ ತಗಡಿಗೆ ಚಿತ್ರವನ್ನು ನೇರವಾಗಿ ಇಳಿಸಿದೆ. ಅಚ್ಚಿನಲ್ಲಿ ಎಡಬಲ ಅದಲುಬದಲಾಗುತ್ತದೆಂದು ಗೊತ್ತಿತ್ತು, ಅಭ್ಯಾಸದ ತಗಡು ತಾನೇ ಅಂದುಕೊಂಡಿದ್ದೆ. ಪ್ರೆಸ್ಸಿನಿಂದ ಕಾಗದ ಎತ್ತಿದರೆ ಕತ್ತಿ ಎಡಗೈಗೆ ಹೋಗಿತ್ತು. ಎಡಗೈಯಲ್ಲಿ ಏನನ್ನೂ ಕೊಡಬಾರದೆಂಬ ಮನೆಯಲ್ಲಿ ಬೆಳೆದವಳು ನಾನು. ಆ ಪ್ರತಿಯನ್ನು ಹೆಚ್ಚು ಹೊತ್ತು ನೋಡಲಾಗಲಿಲ್ಲ. ಎರಡನೆಯ ತಗಡಿಗೆ ಟ್ರೇಸಿಂಗ್ ಕಾಗದವನ್ನು ಮಗುಚಿ ಹಾಕಿದೆ.

ಕಾಲ ಮೇಲಿನ ಕಾಲು ನನ್ನನ್ನು ಬಹಳ ದಿನ ಕಾಡಿತ್ತು. ನಮ್ಮಲ್ಲಿ ಹಿರಿಯರ ಮುಂದೆ ಹಾಗೆ ಕೂತರೆ ಬೈಸಿಕೊಳ್ಳಬೇಕು. ಜರ್ಮನಿಯ ಝೋಸ್ಟ್ ಪಟ್ಟಣದ ಹಳೆಯ ಕಟ್ಟಳೆ ಓದಿದಾಗ ಗಂಟು ಬಿಚ್ಚಿಕೊಂಡಿತು. ನ್ಯಾಯಾಧೀಶ ಕೆರಳಿದ ಸಿಂಹದ ಹಾಗೆ, ಬಲಗಾಲನ್ನು ಎಡಗಾಲ ಮೇಲೆ ಹಾಕಿ ಕೂರಬೇಕೆಂದು ಅದು ಹೇಳುತ್ತದೆ. ಅಲ್ಲಿ ಅದು ಪೀಠದ ಮರ್ಯಾದೆ.

ಸಿಂಹದ ಕೇಸರ ಸುಲಭವಾಗಿಯೇ ಬಂತು. ಉದ್ದನೆಯ ಗೆರೆಗಳು; ತಳ್ಳಿದಾಗ ತಾಮ್ರ ಸಣ್ಣ ಸುರುಳಿಯಾಗಿ ಎದ್ದು ಬರುತ್ತದೆ, ಗೆರೆಯಂಚಿನ ಜುಂಗನ್ನು ಸ್ಕ್ರೇಪರ್‌ನಿಂದ ಹೆರೆದರೆ ಸಾಕು. ಕಷ್ಟವೆಲ್ಲ ಮುಖದಲ್ಲಿ. ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಗಂಟಿಕ್ಕಿದ ಹುಬ್ಬು, ಉರಿಯುವ ನೋಟ, ಸುತ್ತ ಕಿರಣಗಳು. ಒಂದು ಸಂಜೆ ಬ್ಯೂರಿನ್ ಜಾರಿ ಎರಡೂ ಕಣ್ಣಿಗೆ ಅಡ್ಡವಾಗಿ ಒಂದು ಗೆರೆ ಎಳೆದುಬಿಟ್ಟಿತು.

ಆ ಗೆರೆ ನೋಡುತ್ತ ನನಗೆ ನೆನಪಾದದ್ದು ಇನ್ನೊಂದು ಚಿತ್ರ. ಸೆಬಾಸ್ಟಿಯನ್ ಬ್ರಾಂಟ್‌ನ ‘ಮೂರ್ಖರ ಹಡಗು’ ಎಂಬ ವಿಡಂಬನ ಕೃತಿ 1494ರಲ್ಲಿ ಬಾಸೆಲ್‌ನಲ್ಲಿ ಅಚ್ಚಾಯಿತು. ಮಾತೆತ್ತಿದರೆ ಕೋರ್ಟು ಮೆಟ್ಟಿಲು ಹತ್ತುವವರನ್ನು ಜರೆಯುವ ಅಧ್ಯಾಯಕ್ಕೆ ಅದರಲ್ಲೊಂದು ಮರದಚ್ಚಿನ ಚಿತ್ರವಿದೆ: ಕತ್ತಿ, ತಕ್ಕಡಿ ಹಿಡಿದು ಕೂತ ನ್ಯಾಯದೇವಿಯ ಹಿಂದೆ ನಿಂತು ಕೋಡಂಗಿಯೊಬ್ಬ ಅವಳ ಕಣ್ಣಿಗೆ ಬಟ್ಟೆ ಕಟ್ಟುತ್ತಿದ್ದಾನೆ. ಆ ಪುಸ್ತಕದ ಬಹುಪಾಲು ಚಿತ್ರಗಳು ಎಳೆಯ ಡ್ಯೂರರ್‌ನವೇ ಎಂದು ಅನೇಕ ವಿದ್ವಾಂಸರು ಒಪ್ಪುತ್ತಾರೆ. ಅಂದರೆ ಆಗ ಕಣ್ಣುಪಟ್ಟಿ ಮೂರ್ಖನ ಕಿತಾಪತಿ. ಅದೇ ಪಟ್ಟಿ ನಿಷ್ಪಕ್ಷಪಾತದ ಗುರುತಾಗಿ ತಿರುಗಿದ್ದು ಆಮೇಲೆ. 1543ರ, ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಕಾರಂಜಿಯ ಮೇಲಿನ ನ್ಯಾಯದೇವಿ ಅದನ್ನು ಗೌರವದಿಂದಲೇ ಧರಿಸಿದ್ದಾಳೆ. 1559ರಲ್ಲಿ ಚಿತ್ರಕಾರ ಬ್ರೂಗೆಲ್ ಬರೆದ ನ್ಯಾಯದೇವಿಗೂ ಪಟ್ಟಿಯಿದೆ, ಸುತ್ತಲೂ ಚಿತ್ರಹಿಂಸೆ ನಡೆದಿದೆ. ನನಗೆ ಅವಳಿಗಿಂತ ಸಿಂಹದ ಮೇಲಿನವನೇ ಹೆಚ್ಚು ನಂಬಿಕಸ್ಥ.

ಗೆರೆ ಅಳಿಸಲು ಮೂರು ದಿನ ಬೇಕಾಯಿತು. ಸ್ಕ್ರೇಪರ್‌ನಿಂದ ಹೆರೆದು, ಬರ್ನಿಶರ್‌ನಿಂದ ಉಜ್ಜಿ ನಯ ಮಾಡಿ, ತಗ್ಗಾದ ಜಾಗಕ್ಕೆ ತಗಡಿನ ಹಿಂದಿನಿಂದ ಮೆಲ್ಲಗೆ ಸುತ್ತಿಗೆಯ ಪೆಟ್ಟು ಕೊಟ್ಟು ಮಟ್ಟ ಮಾಡಿ, ಕಣ್ಣುಗಳನ್ನು ಹೊಸದಾಗಿ ಕೊರೆದೆ. ಪಾಪೆಗೆ ಬ್ಯೂರಿನ್ನಿನ ಮೊನೆಯಿಂದ ಒಂದೊಂದೇ ಚುಚ್ಚು.

ಒದ್ದೆ ಕಾಗದ ಹಾಸಿ ತೆಗೆದ ಮೊದಲ ನಾಲ್ಕು ಪ್ರತಿಗಳಲ್ಲಿ ನೋಟ ಮಂಕಾಗಿತ್ತು. ಒರೆಸುವಾಗ ಬಟ್ಟೆ ಆ ಚುಚ್ಚುಗಳಿಂದಲೂ ಇಂಕನ್ನು ಎತ್ತಿಬಿಡುತ್ತಿತ್ತು. ಐದನೆಯದಕ್ಕೆ ಮುಖದ ಮೇಲೆ ಬಟ್ಟೆ ಆಡಿಸಲಿಲ್ಲ, ಬರಿಗೈಯ ಅಂಚಿನಿಂದ ಒಂದೇ ಸಲ ಸವರಿದೆ. ಕಾಗದ ಎತ್ತಿದಾಗ ಅವನು ನೇರ ನನ್ನನ್ನೇ ನೋಡುತ್ತಿದ್ದ.