ಎಂಕೆ-801 ಮಾರ್ಫಿನ್ ಟಾಲರೆನ್ಸನ್ನು ನಿಜಕ್ಕೂ ತಡೆಯಿತೇ? ಇಲಿಯ ಬಾಲದ ಪರೀಕ್ಷೆ ಮಾಡುವ ಬಗೆ

ಮಾರ್ಫಿನ್ ದಿನವೂ ಕೊಡುತ್ತಿದ್ದರೆ ದೇಹ ಅದಕ್ಕೆ ಒಗ್ಗಿಹೋಗುತ್ತದೆ; ಇದೇ ಟಾಲರೆನ್ಸ್. ಅದೇ ಡೋಸಿಗೆ ನೋವು ಮೊದಲಿನಷ್ಟು ಇಳಿಯುವುದಿಲ್ಲ. ನರಕೋಶಗಳ ನಡುವೆ ಸಂದೇಶ ಒಯ್ಯುವ ಗ್ಲುಟಮೇಟಿನ ಎನ್‌ಎಂಡಿಎ ಗ್ರಾಹಕವನ್ನು ಎಂಕೆ-801 ಎಂಬ ಔಷಧದಿಂದ ಮುಚ್ಚಿದರೆ ಈ ಒಗ್ಗುವಿಕೆ ತಗ್ಗುತ್ತದೆ ಎಂದು ಸಂಶೋಧಕರಾದ ಟ್ರುಹಿಯೊ ಮತ್ತು ಅಕಿಲ್ 1991ರಲ್ಲಿ ತೋರಿಸಿದರು. ಸಾಮಾನ್ಯವಾಗಿ ಕೊಡುವ ವಿವರಣೆ ಹೀಗಿದೆ: ಮಾರ್ಫಿನ್ ತಾನು ಅಂಟುವ ಮ್ಯೂ ಗ್ರಾಹಕವನ್ನು ಕೆರಳಿಸಿದಾಗ ಪ್ರೋಟೀನ್ ಕೈನೇಸ್ ಸಿ ಎಂಬ ಕಿಣ್ವ ಚುರುಕಾಗಿ, ಎನ್‌ಎಂಡಿಎ ಬಾಯಿಗೆ ಬಿರಡೆಯಂತೆ ಕೂತ ಮೆಗ್ನೀಸಿಯಂ ಸಡಿಲವಾಗುತ್ತದೆ. ಕ್ಯಾಲ್ಸಿಯಂ ಒಳನುಗ್ಗಿ, ಮ್ಯೂ ಗ್ರಾಹಕದ ಸಂದೇಶ ಸೊರಗುತ್ತದೆ.

ಇದನ್ನು ಅಳೆಯಲು ಇಲಿಯ ಬಾಲಕ್ಕೆ ದೀಪದ ಶಾಖ ತಾಗಿಸಿ, ಅದು ಬಾಲ ಎಳೆದುಕೊಳ್ಳಲು ಎಷ್ಟು ಸೆಕೆಂಡು ಹಿಡಿಯಿತು ಎಂದು ನೋಡುತ್ತಾರೆ; ತಡವಾದಷ್ಟೂ ನೋವು ಕಡಿಮೆ ಎಂದು ಲೆಕ್ಕ. ಆದರೆ ಎಂಕೆ-801 ಪಡೆದ ಇಲಿ ಬಾಲ ಎಳೆದುಕೊಳ್ಳಲು ತಡಮಾಡಿದರೆ ಅದಕ್ಕೆ ಬೇರೆ ಕಾರಣಗಳೂ ಇರಬಹುದು. ಔಷಧ ಮಾರ್ಫಿನ್ ಜೊತೆ ಸೇರಿ ನೋವು ಇಳಿಸಿರಬಹುದು, ಇಲ್ಲವೇ ಇಲಿ ತೂರಾಡುತ್ತಿರಬಹುದು. ಕೆಳಗಿನ ಜಾಗ್ರತೆಯೆಲ್ಲ ಈ ಗೊಂದಲ ಬಿಡಿಸುವುದಕ್ಕೇ.

ನೈತಿಕ ಸಮಿತಿಯ ಅನುಮತಿ ಮತ್ತು ಮಾರ್ಫಿನ್ ಪರವಾನಗಿ ಕೈಗೆ ಬಂದ ಮೇಲೆ, 200–250 ಗ್ರಾಂ ತೂಗುವ ಇಲಿಗಳನ್ನು ನಾಲ್ಕು ಗುಂಪು ಮಾಡಿ, ಗುಂಪಿಗೆ 8–10: ಸಲೈನ್ (ಔಷಧವಿಲ್ಲದ ಉಪ್ಪುನೀರು) ಮತ್ತು ಸಲೈನ್, ಸಲೈನ್ ಮತ್ತು ಮಾರ್ಫಿನ್, ಎಂಕೆ-801 ಮತ್ತು ಸಲೈನ್, ಎಂಕೆ-801 ಮತ್ತು ಮಾರ್ಫಿನ್. ಎಂಕೆ-801 ಒಂದೇ ಏನು ಮಾಡುತ್ತದೆ ಎಂದು ತೋರಿಸುವ ಮೂರನೆಯ ಗುಂಪನ್ನು ಕೈಬಿಟ್ಟರೆ ಪ್ರಯೋಗ ವ್ಯರ್ಥ.

ದೀಪದ ಶಾಖವನ್ನು ಇಲಿ 2.5–3 ಸೆಕೆಂಡಿಗೆ ಬಾಲ ಎಳೆದುಕೊಳ್ಳುವಷ್ಟಕ್ಕೆ ಹೊಂದಿಸಿ. 10 ಸೆಕೆಂಡಿಗೆ ನಿಲ್ಲಿಸಲೇಬೇಕು, ಇಲ್ಲದಿದ್ದರೆ ಚರ್ಮ ಸುಡುತ್ತದೆ. ಪ್ರತಿಸಲ ಜಾಗವನ್ನು 1 ಸೆಂಮೀ ಸರಿಸಿ. ಬಾಲ ತಣ್ಣಗಿದ್ದರೆ ಇಲಿ ತಡವಾಗಿ ಎಳೆದುಕೊಳ್ಳುತ್ತದೆ, ಅದು ನೋವು ಶಮನವಲ್ಲ. ಚರ್ಮದ ಉಷ್ಣತೆಯನ್ನೂ ಬರೆದಿಡಿ.

ಮೊದಲ ದಿನ ಮೂಲ ಅಳತೆ (ಔಷಧಕ್ಕೆ ಮೊದಲು ಬಾಲ ಎಳೆದುಕೊಳ್ಳಲು ಹಿಡಿದ ಸೆಕೆಂಡು) ಮತ್ತು ಮಾರ್ಫಿನ್ ಪರೀಕ್ಷೆ. 2ರಿಂದ 8ನೇ ದಿನದವರೆಗೆ ದಿನಕ್ಕೆ ಎರಡು ಬಾರಿ ಎಂಕೆ-801, ಕೆಜಿಗೆ 0.1 ಮಿಗ್ರಾಂ, ಹೊಟ್ಟೆಯೊಳಗೆ. 30 ನಿಮಿಷ ಬಿಟ್ಟು ಮಾರ್ಫಿನ್, ಕೆಜಿಗೆ 10 ಮಿಗ್ರಾಂ, ಚರ್ಮದಡಿಗೆ. ಸಲೈನ್ ಪಾಲಿಗೆ ಬಂದ ಗುಂಪುಗಳಿಗೆ ಆ ಔಷಧದ ಬದಲು ಸಲೈನ್. ಡೋಸ್ ಮಾರ್ಫಿನ್ ಲವಣದ ತೂಕವೋ ಲವಣ ಬಿಟ್ಟು ಬರೀ ಮಾರ್ಫಿನ್‌ನದೋ ಎಂದು ನಮೂದಿಸಿ. ಇಲ್ಲದಿದ್ದರೆ ಬೇರೆ ಪ್ರಯೋಗಗಳ ಅಂಕಿಗಳೊಂದಿಗೆ ತಾಳೆ ನೋಡಲಾಗದು. 8ನೇ ದಿನ ಬೆಳಗಿನದೇ ಕೊನೆ.

9ನೇ ದಿನ ಎಂಕೆ-801 ಕೊಡಬೇಡಿ. ಎಲ್ಲ ಗುಂಪಿಗೂ ಮಾರ್ಫಿನ್ ಮಾತ್ರ. ಅಂದು ಕೊಟ್ಟರೆ ಒಗ್ಗುವಿಕೆ ತಪ್ಪಿತೋ, ಮಾರ್ಫಿನ್‌ಗೆ ಬೆಂಬಲ ಸಿಕ್ಕಿತೋ ತಿಳಿಯುವುದಿಲ್ಲ. ಒಂದೇ ದೊಡ್ಡ ಡೋಸೂ ಬೇಡ: ಎಲ್ಲ ಇಲಿಗಳೂ 10 ಸೆಕೆಂಡಿಗೆ ತಲುಪಿ ವ್ಯತ್ಯಾಸ ಮರೆಯಾಗುತ್ತದೆ. 30 ನಿಮಿಷಕ್ಕೊಮ್ಮೆ ಕೆಜಿಗೆ 1, 1, 2, 4, 8 ಮಿಗ್ರಾಂ ಸೇರಿಸುತ್ತ, 10 ಸೆಕೆಂಡ್ ಮುಟ್ಟಿದ ಇಲಿಗೆ ನಿಲ್ಲಿಸಿ. ಪ್ರತಿ ಹಂತದಲ್ಲೂ ಅಳತೆಯಿಂದ ಮೂಲ ಅಳತೆ ಕಳೆದು, 10ರಿಂದ ಮೂಲ ಅಳತೆ ಕಳೆದದ್ದರಿಂದ ಭಾಗಿಸಿ, 100ರಿಂದ ಗುಣಿಸಿ. ಮೂಲ 3, ಈಗ 6.5 ಆದರೆ ಶೇ. 50. ಗುಂಪುಗಳ ನಡುವೆ ಹೋಲಿಸಬೇಕಾದ್ದು ಈ ಅರ್ಧ ಪರಿಣಾಮಕ್ಕೆ ಬೇಕಾದ ಡೋಸನ್ನು.

ಅಂದಿನ ಮೂಲ ಅಳತೆಯನ್ನು ಮಾರ್ಫಿನ್‌ಗೆ ಮೊದಲೇ ಹೊಸದಾಗಿ ತೆಗೆಯಿರಿ. ಅದು ಮೊದಲ ದಿನಕ್ಕಿಂತ ಇಳಿದಿದ್ದರೆ ಇಲಿಗೆ ನೋವೇ ಹೆಚ್ಚಾಗಿದೆ. ಅದು ಬರೀ ಟಾಲರೆನ್ಸ್ ಅಲ್ಲ, ಆದರೆ ಅಲ್ಲೂ ಎನ್‌ಎಂಡಿಎ ಕೈವಾಡವಿದೆ.

ಇನ್ನೊಂದು ಬಲೆ ಕಲಿಕೆಯದು. ಒಂದೇ ಕೋಣೆಯಲ್ಲಿ ದಿನವೂ ಚುಚ್ಚಿದರೆ ಇಲಿ ಆ ಜಾಗವನ್ನು ಮಾರ್ಫಿನ್ ಜೊತೆ ಜೋಡಿಸಿಕೊಳ್ಳುತ್ತದೆ, ಈ ಕಲಿಕೆಯಿಂದಲೂ ಒಗ್ಗುವಿಕೆ ಬೆಳೆಯುತ್ತದೆ. ಎಂಕೆ-801 ಕಲಿಕೆಯನ್ನೂ ಕೆಡಿಸುವುದರಿಂದ, ಒಗ್ಗುವಿಕೆ ತಗ್ಗಿದ್ದು ಅದರಿಂದಲೂ ಇರಬಹುದು. ದಿನದ ಚುಚ್ಚುಮದ್ದು ಪಂಜರದ ಬಳಿ, ಅಳತೆ ಬೇರೆ ಕೋಣೆಯಲ್ಲಿ ಆಗಲಿ.