ಟ್ರಸ್ಟಿನ ಮೀಸಲು ಹಣ: ಮುಧೋಳದಲ್ಲಿ ನಾವು ಇಟ್ಟ ರೀತಿ

ಮುಧೋಳದ ಒಂದು ಸಣ್ಣ ಟ್ರಸ್ಟಿಗೆ ನಾನು ಖಜಾಂಚಿ. ಸುತ್ತಲಿನ ಹಳ್ಳಿಯ ಹುಡುಗಿಯರಿಗಾಗಿ ಒಂದು ಹಾಸ್ಟೆಲ್ ನಡೆಸುತ್ತೇವೆ. ಮೀಸಲು ಹಣ ಸುಮಾರು 40 ಲಕ್ಷ ಇದೆ. ದೊಡ್ಡ ಸಂಸ್ಥೆಗಳಿಗೆ ಇದು ಚಿಲ್ಲರೆ. ನಮಗೆ ಇದು ಮುಳುಗಿದರೆ ಹಾಸ್ಟೆಲ್ಲಿಗೆ ಬೀಗ.

ಹಣ ಇಡುವ ಮಾತು ಬಂದರೆ ಎಲ್ಲರೂ ಮೊದಲು ಕೇಳುವುದು ಬಡ್ಡಿ ಎಷ್ಟು ಅಂತ. ನಾನು ಅದನ್ನು ಕೊನೆಗೆ ಕೇಳುತ್ತೇನೆ. ಯಾವ ಹಣ ಯಾವಾಗ ಬೇಕಾಗುತ್ತದೆ ಎಂಬುದು ಮೊದಲು. ನಮಗೆ ದೇಣಿಗೆ ಕೊಡುವವರು ಕಬ್ಬು ಬೆಳೆಯುವವರು, ಪೇಟೆಯ ಅಂಗಡಿಯವರು. ಫ್ಯಾಕ್ಟರಿಯಿಂದ ಕಬ್ಬಿನ ಬಿಲ್ ತಡವಾದರೆ ದೇಣಿಗೆಯೂ ತಡ. 2019ರ ಆಗಸ್ಟಿನಲ್ಲಿ ಘಟಪ್ರಭಾ ಹೊಳೆ ಊರೂರಿಗೆ ನುಗ್ಗಿತು. ಕೊಡುವವರೇ ಕಷ್ಟದಲ್ಲಿದ್ದರು, ಹುಡುಗಿಯರ ಮನೆಗಳಲ್ಲಿ ಅಗತ್ಯ ಮಾತ್ರ ದುಪ್ಪಟ್ಟಾಗಿತ್ತು. ಮರುವರ್ಷ ಲಾಕ್‌ಡೌನ್. ಮೀಸಲು ಇರುವುದೇ ಇಂಥ ಹೊತ್ತಿಗೆ ಅಲ್ವಾ? ಆಗ ಕೈಗೆ ಸಿಗದ ಹಣಕ್ಕೆ ಎಷ್ಟು ಬಡ್ಡಿ ಬಂದರೇನು?

ಹಾಗಾಗಿ ಹಣವನ್ನು ಮೂರು ಪಾಲು ಮಾಡಿದ್ದೇವೆ. ಮೂರು ತಿಂಗಳ ಖರ್ಚು ಉಳಿತಾಯ ಖಾತೆಯಲ್ಲಿ. ಮುಂದಿನ ಒಂದು ವರ್ಷದ ಖರ್ಚು ನಾಲ್ಕು ಎಫ್‌ಡಿಗಳಲ್ಲಿ, ಮೂರು ತಿಂಗಳಿಗೊಂದು ಮುಗಿಯುವ ಹಾಗೆ. ಹಣ ಆಗ ಬೇಕಿಲ್ಲ ಅನಿಸಿದರೆ ಮುಗಿದ ಎಫ್‌ಡಿಯನ್ನು ಮತ್ತೆ ಒಂದು ವರ್ಷಕ್ಕೆ ಇಡುತ್ತೇವೆ. ನಡುವೆ ಮುರಿಸಿ ದಂಡ ಕಟ್ಟುವ ಪ್ರಸಂಗ ಬರುವುದಿಲ್ಲ. ಉಳಿದದ್ದು ಮೂಲನಿಧಿ, ಅಂದರೆ ದಾನಿಗಳು 'ಇದು ಮೂಲನಿಧಿಗೆ' ಅಂತ ಬರೆದುಕೊಟ್ಟ ಹಣ. ಅದಕ್ಕೆ ಬೇರೆ ಖಾತೆ, ಉದ್ದ ಅವಧಿಯ ಠೇವು. ಎಲ್ಲಾ ರಸೀದಿಗಳ ತಾರೀಖನ್ನು ಒಂದು ಹಾಳೆಯಲ್ಲಿ ಬರೆದು ತಿಜೋರಿ ಬಾಗಿಲಿನ ಒಳಗಡೆ ಅಂಟಿಸಿದ್ದೇನೆ. ಆಟೋ ರಿನ್ಯೂವಲ್ ಬೇಡ ಅಂತ ಪ್ರತಿ ಅರ್ಜಿಯಲ್ಲೂ ಬರೆಯುತ್ತೇವೆ. ಇಲ್ಲದಿದ್ದರೆ ಬ್ಯಾಂಕು ತಾನೇ ಮುಂದುವರಿಸಿಬಿಡುತ್ತದೆ, ನಮ್ಮ ಲೆಕ್ಕ ತಪ್ಪುತ್ತದೆ.

ಎಲ್ಲಿಡಬೇಕು ಎಂಬುದು ಪೂರ್ತಿ ನಮ್ಮ ಕೈಯಲ್ಲಿಲ್ಲ. ತೆರಿಗೆ ವಿನಾಯಿತಿ ಪಡೆದ ಟ್ರಸ್ಟು ಕಾನೂನು ಹೇಳಿದ ಕಡೆಯೇ ಹಣ ಇಡಬೇಕು. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಇದು ಕಲಂ 11(5). 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಬಂದು ಕಲಂಗಳ ನಂಬರು ಬದಲಾಗಿವೆ, ನಿಮ್ಮ ಸಿಎ ಹತ್ತಿರ ಕೇಳಿಕೊಳ್ಳಿ. ಬ್ಯಾಂಕು, ಪೋಸ್ಟಾಫೀಸು, ಸರ್ಕಾರಿ ಸಾಲಪತ್ರ, ಮ್ಯೂಚುವಲ್ ಫಂಡು, ಸ್ಥಿರಾಸ್ತಿ, ಇಂಥವು ಪಟ್ಟಿಯಲ್ಲಿವೆ. ಸಕ್ಕರೆ ಕಾರ್ಖಾನೆಯ ಶೇರು ತಗೊಳ್ಳೋಣ ಅಂತ ನಮ್ಮಲ್ಲಿ ಒಬ್ಬರು ಹೇಳಿದ್ದರು. ಪಟ್ಟಿಯಲ್ಲಿಲ್ಲ, ಮಾತು ಅಲ್ಲಿಗೇ ನಿಂತಿತು.

ನಿಜವಾದ ಜಗ್ಗಾಟ ನಡೆದದ್ದು ಸೊಸೈಟಿ ವಿಷಯದಲ್ಲಿ. ನಮ್ಮ ಕಡೆ ಓಣಿಗೊಂದು ಪತ್ತಿನ ಸಂಘ, ಇಲ್ಲವೇ ಸೌಹಾರ್ದ ಸಹಕಾರಿ. ನಮ್ಮ ಟ್ರಸ್ಟಿಗಳಲ್ಲೇ ಒಬ್ಬರು ಅಂಥದೊಂದರ ನಿರ್ದೇಶಕರು. ಒಳ್ಳೆಯ ಮನುಷ್ಯರು, ಹಾಸ್ಟೆಲ್ಲಿಗೆ ತಾವೇ ಎರಡು ಕೋಣೆ ಕಟ್ಟಿಸಿಕೊಟ್ಟವರು. ಸಭೆಯಲ್ಲಿ ಕೇಳಿದರು:

"ಸರ, ಬ್ಯಾಂಕಿಗಿಂತ ಒಂದೂವರೆ ಪರ್ಸೆಂಟ್ ಜಾಸ್ತಿ ಕೊಡತೀವಿ. ನಮ್ಮೂರ ಸೊಸೈಟಿ ಐತಿ, ಯಾಕ ಅಂಜತೀರಿ?"

"ಸಾಹುಕಾರ್ರ, ನಿಮ್ಮ ಮ್ಯಾಲೆ ಸಂಶಯ ಇಲ್ರಿ. ಆದ್ರ ವಿಮಾ ಇಲ್ಲಲ್ರಿ ಅದಕ್ಕ" ಅಂದೆ.

ಬ್ಯಾಂಕಿನ ಠೇವಿಗೆ ಡಿಐಸಿಜಿಸಿ, ಅಂದರೆ ರಿಸರ್ವ್ ಬ್ಯಾಂಕಿನ ಠೇವಣಿ ವಿಮಾ ಸಂಸ್ಥೆಯ ವಿಮೆ ಇದೆ. 2020ರ ಫೆಬ್ರುವರಿಯಿಂದ ಒಬ್ಬ ಠೇವುದಾರನಿಗೆ ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಸೇರಿ 5 ಲಕ್ಷ. ಎಷ್ಟು ಶಾಖೆಯಲ್ಲಿಟ್ಟರೂ ಒಂದೇ ಲೆಕ್ಕ. ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇರುವ ಸಹಕಾರಿ ಬ್ಯಾಂಕಿಗೂ ಇದು ಸಿಗುತ್ತದೆ, ಪತ್ತಿನ ಸಂಘಕ್ಕೆ ಸಿಗುವುದಿಲ್ಲ. ಜೊತೆಗೆ ಇಂಥ ಸಂಘದ ಠೇವು ತೆರಿಗೆ ಪಟ್ಟಿಯೊಳಗೆ ಬರುತ್ತದೋ ಇಲ್ಲವೋ ಎಂಬ ತಕರಾರನ್ನು ನಾವ್ಯಾಕೆ ಮೈಮೇಲೆ ಎಳೆದುಕೊಳ್ಳಬೇಕು? ಕೊನೆಗೆ ಮೂರು ಸಾಲಿನ ಠರಾವು ಬರೆದೆವು. ಹೆಚ್ಚಿನ ಹಣ ರಾಷ್ಟ್ರೀಕೃತ ಬ್ಯಾಂಕುಗಳಲ್ಲಿ. ಲೈಸೆನ್ಸ್ ಇರುವ ಯಾವುದೇ ಸಹಕಾರಿ ಬ್ಯಾಂಕಿನಲ್ಲಿ ನಾಲ್ಕೂವರೆ ಲಕ್ಷದ ಒಳಗೆ, ಬಡ್ಡಿ ಸೇರಿದರೂ 5 ಲಕ್ಷ ದಾಟದ ಹಾಗೆ. ಟ್ರಸ್ಟಿಗಳು ಅಧಿಕಾರದಲ್ಲಿರುವ ಕಡೆ ಒಂದು ರೂಪಾಯಿಯೂ ಇಲ್ಲ. ಸಾಹುಕಾರರೂ ಸಹಿ ಹಾಕಿದರು, ಸ್ವಲ್ಪ ಮುಖ ಊದಿಸಿಕೊಂಡೇ.

ಪ್ಲಾಟು ತಗೊಳ್ಳೋಣ ಎನ್ನುವವರು ಪ್ರತಿ ವರ್ಷ ಇರುತ್ತಾರೆ. ಕಾನೂನು ಬೇಡ ಅನ್ನುವುದಿಲ್ಲ. ಆದರೆ ಅಡುಗೆಯವರ ಪಗಾರಕ್ಕೆ ಅರ್ಧ ಗುಂಟೆ ಕಡಿದು ಮಾರಲಾಗುತ್ತದೆಯೇ? ಮ್ಯೂಚುವಲ್ ಫಂಡಿಗೂ ನಾವು ಇನ್ನೂ ಹೋಗಿಲ್ಲ. ಹತ್ತು ವರ್ಷ ಮುಟ್ಟದ ದೊಡ್ಡ ಮೂಲನಿಧಿ ಇದ್ದವರು ಯೋಚಿಸಲಿ, ಬೆಲೆ ಏರಿಕೆಗೆ ಎಫ್‌ಡಿಯೊಂದೇ ಸಾಲದು ಎಂಬುದು ನಿಜ. ನಮ್ಮ ಗಾತ್ರಕ್ಕೆ ಆ ಏರಿಳಿತ ಬೇಡ ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. ಬಡ್ಡಿಯೂ ಟ್ರಸ್ಟಿನ ಆದಾಯವೇ, ಮೂಲನಿಧಿಯಿಂದ ಬಂದದ್ದೂ ಸೇರಿ. ಆದಾಯದಲ್ಲಿ ಶೇ 85ರಷ್ಟನ್ನು ಆ ವರ್ಷವೇ ಉದ್ದೇಶಕ್ಕೆ ಖರ್ಚು ಮಾಡಬೇಕು. ಷರತ್ತಿಲ್ಲದೆ ಉಳಿಸಿಕೊಳ್ಳಬಹುದಾದದ್ದು ಶೇ 15 ಮಾತ್ರ. ಜಾಸ್ತಿ ಬೇಕಾದರೆ ಯಾವ ಕೆಲಸಕ್ಕೆ ಅಂತ ಇಲಾಖೆಗೆ ಬರೆದು ತಿಳಿಸಬೇಕು, ಐದು ವರ್ಷದೊಳಗೆ ಅದಕ್ಕೇ ಬಳಸಬೇಕು. ಹಾಗಿರುವಾಗ ಬಡ್ಡಿಗೆ ಬಡ್ಡಿ ಬೆಳೆಯುವ ಠೇವಿನಿಂದ ನಮಗೆ ಲಾಭ ಕಡಿಮೆ. ನಾವು ಮೂರು ತಿಂಗಳಿಗೊಮ್ಮೆ ಬಡ್ಡಿ ಕೈಗೆ ಬರುವ ಠೇವನ್ನೇ ಆರಿಸಿದೆವು. ಅದು ನೇರವಾಗಿ ಮೆಸ್ಸಿನ ಜೋಳ, ಅಕ್ಕಿ, ಗ್ಯಾಸಿಗೆ ಹೋಗುತ್ತದೆ.

ಠೇವುಗಳೆಲ್ಲ ಟ್ರಸ್ಟಿನ ಹೆಸರಲ್ಲಿ, ಟ್ರಸ್ಟಿನ ಪ್ಯಾನ್ ನಂಬರಿನಲ್ಲಿ, ಇಬ್ಬರ ಸಹಿಯಲ್ಲಿ ಇವೆ. ಬ್ಯಾಂಕು ಬಡ್ಡಿಯಲ್ಲಿ ಟಿಡಿಎಸ್, ಅಂದರೆ ಮೊದಲೇ ಕಡಿಯುವ ತೆರಿಗೆ, ಹಿಡಿಯುತ್ತದೆ. ರಿಟರ್ನ್ ತುಂಬಿದ ಮೇಲೆ ಅದು ವಾಪಸ್ ಬರುತ್ತದೆ, ಆದರೆ ಅದರ ತಾರೀಖು ನಮ್ಮ ಕೈಯಲ್ಲಿಲ್ಲ. ಅದಕ್ಕೇ ಆ ಹಣವನ್ನು ನಾನು ಬಜೆಟ್ಟಿನಲ್ಲಿ ಹಿಡಿಯುವುದೇ ಇಲ್ಲ. ಬಂದ ವರ್ಷ ಹಾಸಿಗೆ, ಹೊದಿಕೆ ಹೊಸದು ತರುತ್ತೇವೆ.