ಸೀರೆ ಅಂಗಡಿಯಲ್ಲಿ ಕತೆ ಪುಸ್ತಕ ಮಾರಿದ್ದು ಹೇಗೆ

ಇಳಕಲ್ಲಿನಲ್ಲಿ ನಮ್ಮದು ಸೀರೆ ಅಂಗಡಿ. ಗಿರಾಕಿ ಇಲ್ಲದ ಮಧ್ಯಾಹ್ನ ಬಿಲ್ ಬುಕ್ಕಿನ ಹಿಂಬದಿಯಲ್ಲಿ ಕತೆ ಬರೆಯುತ್ತಿದ್ದೆ. 14 ಕತೆ ಆದಮೇಲೆ ಕೈಯಿಂದ ದುಡ್ಡು ಹಾಕಿ 500 ಪ್ರತಿ ಅಚ್ಚು ಹಾಕಿಸಿದೆ. ಬಿಡುಗಡೆಗೆ 120 ಜನ ಬಂದರು. ಶಿರಾ, ಉಪ್ಪಿಟ್ಟು ಖಾಲಿ. ಪುಸ್ತಕ ಹೋಗಿದ್ದು 11.

ಉಳಿದ ಬಂಡಲ್‌ಗಳು ಸೀರೆಯ ಕಪಾಟಿನ ಕೆಳಗೆ ಬಂದು ಕೂತವು. ದಿನಾ ಅವನ್ನು ನೋಡಿ ನೋಡಿ ಒಂದು ಮಾತು ಹೊಳೆಯಿತು. ಸೀರೆ ಮಾರುವಾಗ ಮಾಡುವ ಒಂದು ಕೆಲಸವನ್ನೂ ನಾನು ಪುಸ್ತಕಕ್ಕೆ ಮಾಡಿರಲಿಲ್ಲ.

ಮಡಚಿಟ್ಟ ಇಳಕಲ್ ಸೀರೆ ನೋಡಿ ಯಾರೂ ಕೊಳ್ಳುವುದಿಲ್ಲ. ‘ಸೀರಿ ಭಾಳ ಚಲೋ ಐತ್ರಿ’ ಎಂದು ನಾನೂ ಹೇಳುವುದಿಲ್ಲ, ಅದನ್ನು ಎಲ್ಲ ಅಂಗಡಿಯವರೂ ಹೇಳುತ್ತಾರೆ. ಒಂದೇ ಸಲಕ್ಕೆ ಗಾದಿ ಮೇಲೆ ಹಾಸಿಬಿಡುತ್ತೇನೆ. ಕೆಂಪು ಸೆರಗಿನ ಮೇಲೆ ಬಿಳಿ ಟೋಪ ತೆನಿ ಚಿತ್ತಾರ ಎದ್ದು ಕಾಣುತ್ತದೆ. ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿದ ಜಾಗ ಇರುತ್ತದಲ್ಲ, ಅಲ್ಲಿ ‘ಮುಟ್ಟಿ ನೋಡ್ರಿ ಅಕ್ಕಾರ’ ಎನ್ನುತ್ತೇನೆ. ಆಮೇಲೆ ಸುಮ್ನೆ ಕೂರುತ್ತೇನೆ. ಮಾತಾಡಿದರೆ ಕೆಡುತ್ತದೆ.

ಪುಸ್ತಕದ ಸೆರಗು ಯಾವುದು ಅಂತ ಮೊದಲು ಹುಡುಕಿ. ಅದು ನಿಮಗೆ ಗೊತ್ತಿರುವುದಿಲ್ಲ. ಮನೆಯಲ್ಲಿ ಗಟ್ಟಿಯಾಗಿ ಓದಿ, ಯಾರು ಎಲ್ಲಿ ಕೈಯಲ್ಲಿನ ಕೆಲಸ ನಿಲ್ಲಿಸುತ್ತಾರೆ ನೋಡಿ. ನಾನು ದೊಡ್ಡದು ಅಂದುಕೊಂಡಿದ್ದ ಕತೆಗೆ ನಮ್ಮವಳು ಬೆಳ್ಳುಳ್ಳಿ ಸುಲಿಯುತ್ತಲೇ ಇದ್ದಳು. 43ನೇ ಪುಟಕ್ಕೆ ಬಂದಾಗ ಕೈ ನಿಂತಿತು. ಮುದುಕ ನೇಕಾರ ಮಗ್ಗ ಮಾರುತ್ತಾನೆ, ನೂಲು ಓಡಿಸುವ ಲಾಳಿಯನ್ನು ಮಾತ್ರ ಯಾರಿಗೂ ಹೇಳದೆ ಅಂಗಿ ಜೇಬಿಗೆ ಇಳಿಸುತ್ತಾನೆ. ಬರೀ ಏಳು ಸಾಲು. ಆ ಪುಟದ ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಾಕಿದೆ. ಮುಖಪುಟ ಇಲ್ಲ, ಬೆಲೆ ಇಲ್ಲ, ‘ಕೊಂಡು ಓದಿ ಪ್ರೋತ್ಸಾಹಿಸಿ’ ಇಲ್ಲ. (ಈ ಪ್ರೋತ್ಸಾಹದ ಮಾತು ಬಿಟ್ಟುಬಿಡಿ. ಸೀರೆಯನ್ನು ಯಾರಾದರೂ ಪ್ರೋತ್ಸಾಹಕ್ಕೆ ಉಡುತ್ತಾರಾ?) ಮುಂದೇನಾಯಿತು ಎಂದು ಕೇಳಿದವರಿಗೆ ಮಾತ್ರ ಫೋನ್‌ಪೇ ನಂಬರ್ ಕಳಿಸಿದೆ. ಒಂದು ವಾರದಲ್ಲಿ 30 ಪ್ರತಿ ಹೋದವು.

ಪುಕ್ಕಟೆ ಪ್ರತಿ ಕೊಡಬೇಕಾ? ಕೊಡಿ, ಆದರೆ ಬಾಯಿ ಇರುವವರಿಗೆ ಕೊಡಿ. ನಾನು ಮೊದಲು ವೇದಿಕೆ ಮೇಲಿನ ಗಣ್ಯರಿಗೆಲ್ಲ ಹಂಚಿದೆ. ಶಾಲು, ಹಾರದ ಜೊತೆ ಅದೂ ಕಾರಿನಲ್ಲಿ ಹೋಯಿತು. ಆಮೇಲೆ ಹೈಸ್ಕೂಲಿನ ಕನ್ನಡ ಮಾಸ್ತರರಿಗೆ ಒಂದು, ಕಟಿಂಗ್ ಅಂಗಡಿಗೆ ಒಂದು, ಹಳ್ಳಿಯ ಗ್ರಂಥಾಲಯಕ್ಕೆ ಒಂದು ಕೊಟ್ಟೆ. ಕಟಿಂಗ್ ಅಂಗಡಿಯ ಪ್ರತಿಯ ರಟ್ಟು ಈಗ ಕಿತ್ತುಹೋಗಿದೆ. ಅಷ್ಟು ಸಂತೋಷ ನನಗೆ ಯಾವ ವಿಮರ್ಶೆಯಿಂದಲೂ ಆಗಿಲ್ಲ.

ಅಂಗಡಿಗೆ ಕೊಡುವಾಗ ಜಾಗ್ರತೆ. ಪುಸ್ತಕದ ಅಂಗಡಿಯವರು ಬೆಲೆಯ ಶೇ. 30-40ರಷ್ಟು ಕಮಿಷನ್ ಕೇಳುವುದು ಮಾಮೂಲು, ಅದು ಅನ್ಯಾಯವೇನಲ್ಲ. ಬೆಲೆ ಇಡುವಾಗಲೇ ಅದನ್ನು ಲೆಕ್ಕಕ್ಕೆ ಹಿಡಿಯಿರಿ. ನನ್ನ ತಪ್ಪು ಬೇರೆ. ಬೇರೆ ಊರಿನ ಒಂದು ಅಂಗಡಿಗೆ 60 ಪ್ರತಿ ಬಾಯಿಮಾತಿನ ಮೇಲೆ ಕೊಟ್ಟೆ. ಎರಡು ವರ್ಷದ ನಂತರ 22 ವಾಪಸ್ ಬಂದವು, ಮಳೆನೀರು ಕುಡಿದು ಉಬ್ಬಿಕೊಂಡಿದ್ದವು. ಉಳಿದದ್ದಕ್ಕೆ ದುಡ್ಡೂ ಇಲ್ಲ, ಪುಸ್ತಕವೂ ಇಲ್ಲ. ಈಗ ಒಮ್ಮೆಗೆ 10 ಪ್ರತಿ, ಕೈಗೆ ಚೀಟಿ.

ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ನಂಬರ್, ನಮ್ಮ ದೇಶದಲ್ಲಿ ಪುಕ್ಕಟೆ ಸಿಗುತ್ತದೆ, ಅಚ್ಚಿಗೆ ಹೋಗುವ ಮುಂಚೆ ತಗೊಳ್ಳಿ. ನೀವು ಯುವ ಬರಹಗಾರರಾಗಿದ್ದು ಮೊದಲ ಪುಸ್ತಕ ಆದರೆ ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿಯ ಸಹಾಯಧನಕ್ಕೆ ಅರ್ಜಿ ಕರೆಯುವುದನ್ನು ಕಾಯಿರಿ.

ಪುಸ್ತಕದ ಹೆಸರಿನ ಬಗ್ಗೆ ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಯ ನಾಟಕ ಕಂಪನಿಗಳಿಂದ ಕಲಿತೆ. ನಾಟಕದ ಹೆಸರು ಮೈಕಿನಲ್ಲಿ ಒಮ್ಮೆ ಕೇಳಿದರೆ ಸಾಕು, ಎಮ್ಮೆ ಕಾಯುವ ಹುಡುಗನಿಗೂ ನೆನಪಿರಬೇಕು. ನನ್ನ ಪುಸ್ತಕಕ್ಕೆ ಮೂರು ಸಂಸ್ಕೃತ ಪದ ಕೂಡಿಸಿ ಹೆಸರಿಟ್ಟಿದ್ದೆ. ಗಿರಾಕಿಗಳು ‘ಆ ಲಾಳಿ ಪುಸ್ತಕ’ ಅಂತಲೇ ಕೇಳುತ್ತಾರೆ. ಎರಡನೇ ಮುದ್ರಣಕ್ಕೆ ಅದೇ ಹೆಸರು. ಇನ್ನೊಂದು, ಮೈಕು ಮೊದಲ ವಾರ ಜನ ತರುತ್ತದೆ. ಮೂರನೇ ವಾರ ಟೆಂಟ್ ತುಂಬುವುದು, ನಾಟಕ ನೋಡಿ ಊರಿಗೆ ಹೋದವರು ಹೇಳಿದ ಮಾತಿನಿಂದ.

ಕೆಲವು ಪುಸ್ತಕ ಯಾಕೆ ಓಡುತ್ತವೆ ಅಂದರೆ ಇಷ್ಟೇ ಅನಿಸುತ್ತದೆ, ಓದಿದವನು ಪಕ್ಕದವನಿಗೆ ಒಂದು ನಿಮಿಷದಲ್ಲಿ ಹೇಳಬಲ್ಲ. ಅದೃಷ್ಟವೂ ಇದೆ, ಇಲ್ಲ ಅನ್ನಲ್ಲ. 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ, ಎಂದೂ ಪುಸ್ತಕ ಹಿಡಿಯದ ಗಿರಾಕಿಗಳು ‘ಅವರ ಕತಿ ಸಿಗ್ತಾವೇನ್ರಿ’ ಎಂದು ನನ್ನನ್ನೇ ಕೇಳಿದರು. ಆ ಕತೆಗಳನ್ನು ಬಾನು ಅವರು ಮೂವತ್ತು ವರ್ಷಗಳಿಂದ ಬರೆಯುತ್ತ ಬಂದಿದ್ದರು.

ಸ್ವಂತ ಪುಸ್ತಕ ಮಾರಲು ನಾಚಿಕೆ ಅನ್ನುವವರಿಗೆ ಎರಡು ಹೆಸರು ಹೇಳುತ್ತೇನೆ. ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕ ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ವಿಜಯಪುರದ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ವಚನಗಳನ್ನು ಅಚ್ಚು ಮಾಡಲು 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನೇ ಹಾಕಿದರು, ಮನೆಯನ್ನೂ ಮಾರಿದರು. ನಾವು ಮಾಡಬೇಕಾದದ್ದು ಚೀಲದಲ್ಲಿ ಐದು ಪ್ರತಿ ಇಟ್ಟುಕೊಳ್ಳುವುದು, ಚಿಲ್ಲರೆ ಇಟ್ಟುಕೊಳ್ಳುವುದು.

ಹೋದ ಶ್ರಾವಣದಲ್ಲಿ ಹುನಗುಂದದಿಂದ ಇಬ್ಬರು ಹೆಣ್ಣುಮಕ್ಕಳು ಸೀರೆಗೆ ಬಂದಿದ್ದರು. ಒಬ್ಬಾಕೆ ಲಾಳಿಯ ಕತೆ ಓದಿದ್ದಳು, ಇನ್ನೊಬ್ಬಾಕೆಗೆ ಹೇಳತೊಡಗಿದಳು. ಆಕೆ ಹೇಳಿದ ಕತೆಯಲ್ಲಿ ಮುದುಕ ಕೊನೆಗೆ ಹೊಸ ಮಗ್ಗ ಕೊಳ್ಳುತ್ತಾನೆ. ನನ್ನದರಲ್ಲಿ ಕೊಳ್ಳುವುದಿಲ್ಲ. ಬಾಯಿಗೆ ಬಂದದ್ದನ್ನು ನುಂಗಿಕೊಂಡು ಸೀರೆ ಮಡಚುತ್ತಾ ಕೂತೆ. ‘ಅಣ್ಣಾರ, ಆ ಪುಸ್ತಕಾನೂ ಒಂದು ಹಾಕ್ರಿ’ ಎಂದಳು ಇನ್ನೊಬ್ಬಾಕೆ.